ನೆಲದಡಿಯ ಬಸಿಗಾಲುವೆ, ನೆಲದ ಮೇಲಿನ ಟ್ರ್ಯಾಕ್ಟರು: ರಜೆಗೆ ಊರಿಗೆ ಹೋಗುವ ಮುನ್ನ ಒಂದು ಪಾಠ

ಅರಸೀಕೆರೆಯಲ್ಲಿ ಬಸ್ಸು ಹತ್ತಿ ಜಾವಗಲ್, ಹಳೇಬೀಡು ದಾಟಿ ಬೇಲೂರಿಗೆ ಹೋದರೆ ಕಿಟಕಿಯಲ್ಲೇ ಒಂದು ಭೂಗೋಳದ ಪಾಠ ಆಗಿಬಿಡುತ್ತೆ. ಶುರುವಿನಲ್ಲಿ ತೆಂಗು, ರಾಗಿ, ಕೆಂಪು ಮಣ್ಣು, ನೀರಿಗಾಗಿ ಕಾಯುವ ಕೆರೆಗಳು. ಹಳೇಬೀಡು ಹತ್ತಿರವಾದಂತೆ ಜೋಳ, ಆಲೂಗೆಡ್ಡೆ, ಶುಂಠಿ. ಬೇಲೂರು ದಾಟಿದರೆ ಗದ್ದೆ ಬಯಲು, ಕಾಫಿ ತೋಟ, ಮಲೆನಾಡಿನ ಮಳೆ. ಒಂದು ತುದಿಯಲ್ಲಿ ನೀರಿಲ್ಲ ಅನ್ನೋ ಚಿಂತೆ, ಇನ್ನೊಂದು ತುದಿಯಲ್ಲಿ ನೀರು ಹೋಗ್ತಿಲ್ಲ ಅನ್ನೋ ಚಿಂತೆ. ನಮ್ಮ ಕಾಲೇಜಿನಲ್ಲಿ ಈ ದಾರಿಯ ಊರುಗಳಿಂದ ಬಂದವರು ಎಷ್ಟೋ ಜನ ಇದ್ದೀವಿ. ಸೆಮಿಸ್ಟರ್ ರಜೆಯಲ್ಲಿ ಮನೆಗೆ ಹೋದ ಮರುದಿನವೇ ಟ್ರ್ಯಾಕ್ಟರ್ ಕೀಲಿ ಕೈಗೆ ಬರುವವರೂ ಇದ್ದೀವಿ.

ಅದಕ್ಕೇ ಈ ಸಲದ ಪಾಠಕ್ಕೆ ನಾವು ಆರಿಸಿಕೊಂಡ ವಿಷಯ: ಹೊಲದಲ್ಲಿ ನಿಂತ ನೀರನ್ನು ನೆಲದಡಿಯಿಂದ ಹೊರಹಾಕುವ ಕೆಲಸ, ಆ ಕೆಲಸಕ್ಕೆ ಟ್ರ್ಯಾಕ್ಟರ್ ಹಿಂದೆ ಆಳದ ನೇಗಿಲು ಕಟ್ಟಿದಾಗ ಜೀವ ಉಳಿಸಿಕೊಳ್ಳುವ ಲೆಕ್ಕ. ಇದಕ್ಕೆ ಬೇಕಾದ ಗಣಿತವೆಲ್ಲ ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲೇ ಇದೆ.

ನೆಲದಡಿ ಬಸಿಗಾಲುವೆ ಯಾಕೆ?

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳೆಲ್ಲ ನೀರಿನಿಂದ ತುಂಬಿಕೊಂಡರೆ ಬೇರು ಉಸಿರುಗಟ್ಟುತ್ತದೆ. ಶುಂಠಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಮಡಿಯ ಪಕ್ಕದ ಕಾಲುವೆಯಲ್ಲಿ ನೀರು ನಿಂತರೆ ಗೆಡ್ಡೆ ಕೊಳೆ ರೋಗ ಶುರುವಾಗಿ ಇಡೀ ತಾಕು ಹೋಗಬಹುದು. ಆಲೂಗೆಡ್ಡೆಯದೂ ಹೆಚ್ಚುಕಡಿಮೆ ಇದೇ ಕಥೆ. ಒಣ ತಾಲ್ಲೂಕು ಅನ್ನಿಸಿಕೊಂಡ ಅರಸೀಕೆರೆಯಲ್ಲೂ ಕೆರೆ ತುಂಬಿದ ವರ್ಷ ಏರಿಯ ಕೆಳಗಿನ ಅಚ್ಚುಕಟ್ಟಿನಲ್ಲಿ ನೀರು ಜಿನುಗಿ ತೋಟ ಜೌಗು ಹಿಡಿಯುವುದುಂಟು.

ಇದಕ್ಕೆ ಹಳೆಯ ಪರಿಹಾರ ತೆರೆದ ಬಸಿಗಾಲುವೆ. ಇನ್ನೊಂದು, ನೆಲದಡಿಯಲ್ಲಿ ತೂತಿರುವ ಕೊಳವೆ ಹೂಳುವುದು. ಮೊದಲು ಇದಕ್ಕೆ ಸುಟ್ಟ ಮಣ್ಣಿನ ಹೆಂಚಿನಂಥ ತುಂಡುಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಆದ್ದರಿಂದಲೇ ಇಂಗ್ಲಿಷಿನಲ್ಲಿ ಇದಕ್ಕೆ ‘ಟೈಲ್ ಡ್ರೈನೇಜ್’ ಎಂಬ ಹೆಸರು ಉಳಿದಿದೆ. ಈಗ ಬಳಸುವುದು ಸುಕ್ಕುಸುಕ್ಕಾದ, ತೂತುಗಳಿರುವ ಪ್ಲಾಸ್ಟಿಕ್ ಪೈಪು. ತೂತಿನೊಳಗೆ ಮಣ್ಣು ಹೋಗದಂತೆ ಪೈಪಿಗೆ ಒಂದು ಸೋಸುಪದರ ಸುತ್ತುತ್ತಾರೆ. ಯುರೋಪಿನಲ್ಲಿ ಈ ಪದರಕ್ಕೆ ತೆಂಗಿನ ನಾರನ್ನೂ ಬಳಸಿದ್ದಾರೆ ಅಂದರೆ ಅರಸೀಕೆರೆಯವರು ಖುಷಿಪಡಬಹುದು!

ಇಂಗ್ಲೆಂಡಿನ ಜಾನ್ ಫೌಲರ್ ಎಂಬ ಎಂಜಿನಿಯರ್ 1850ರ ಹೊತ್ತಿಗೆ ಒಂದು ಬಸಿನೇಗಿಲು ರೂಪಿಸಿದ. ನೇಗಿಲಿನ ತುದಿಯ ಗುಂಡು ನೆಲದಡಿಯಲ್ಲಿ ದಾರಿ ಕೊರೆಯುತ್ತಾ ಹೋದಂತೆ, ಹಗ್ಗದಲ್ಲಿ ಪೋಣಿಸಿದ ಕೊಳವೆಗಳು ಅದರ ಹಿಂದೆ ಎಳೆದುಕೊಂಡು ಬರುತ್ತಿದ್ದವು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದು ಎಲ್ಲರ ಗಮನ ಸೆಳೆಯಿತು. ಇವತ್ತಿನ ಪೈಪು ಹೂಳುವ ನೇಗಿಲು ಅದರದೇ ಮೊಮ್ಮಗ. ಮಣ್ಣಿನಲ್ಲಿ ನೀರು ಹರಿಯುವ ವೇಗಕ್ಕೆ ಸೂತ್ರ ಕೊಟ್ಟ ಹೆನ್ರಿ ಡಾರ್ಸಿಯ ಪುಸ್ತಕ ಬಂದದ್ದು 1856ರಲ್ಲಿ. ಸಿವಿಲ್‌ನವರು ಪರೀಕ್ಷೆಗೆ ಓದುವ ಡಾರ್ಸಿ ನಿಯಮ ಅದೇ.

ನಮ್ಮ ರಾಜ್ಯದಲ್ಲಿ ಈ ಪೈಪಿನ ಮಾತು ಹೆಚ್ಚು ಕೇಳಿಬರುವುದು ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನಲ್ಲಿ. ಅಲ್ಲಿ ಕಾಲುವೆ ನೀರು ಹೆಚ್ಚಾಗಿ ಭೂಮಿ ಸವಳಾದಾಗ ಪರಿಹಾರವಾಗಿ ಬಂದದ್ದು ಇದೇ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆ ಕೆಲಸ ನಡೆದಿದೆ. ಹಾಸನ ಜಿಲ್ಲೆಯ ನಮ್ಮ ಕಡೆ ಜೆಸಿಬಿಯಲ್ಲಿ ಗುಂಡಿ ತೋಡಿ ಪೈಪು ಹಾಕುವುದು, ಇಲ್ಲವೇ ಟ್ರ್ಯಾಕ್ಟರಿಗೆ ಸಬ್‌ಸಾಯ್ಲರ್ ಕಟ್ಟಿ ಅಡಿಮಣ್ಣಿನ ಗಟ್ಟಿಪದರ ಒಡೆಯುವುದು ಸಾಧ್ಯವಿರುವ ದಾರಿಗಳು. ಒಂದು ಮೀಟರ್ ಆಳದಲ್ಲಿ ನೇರವಾಗಿ ಪೈಪು ಎಳೆಯುವ ನೇಗಿಲಿಗೆ ನಮ್ಮ 45-50 ಎಚ್‌ಪಿ ಟ್ರ್ಯಾಕ್ಟರ್ ಸಾಲುವುದಿಲ್ಲ. ಅದಕ್ಕೆ ಹಲವು ಪಟ್ಟು ಶಕ್ತಿ ಬೇಕು. ಈ ಮಿತಿಯನ್ನು ಒಪ್ಪಿಕೊಳ್ಳೋದೇ ಸುರಕ್ಷತೆಯ ಮೊದಲ ಪಾಠ. ಆಗದ ಕೆಲಸಕ್ಕೆ ಯಂತ್ರ ಹೂಡಿದಾಗಲೇ ಅಪಘಾತಗಳು ಹುಟ್ಟುವುದು.

ಇನ್ನೊಂದು ವಿಷಯ. ಪೈಪಿಲ್ಲದೆ ಬರೀ ಬಿಲ ಕೊರೆದು ಬಿಡುವ ‘ಮೋಲ್’ ನೇಗಿಲು ಜೇಡಿ ಮಣ್ಣಿಗೆ ಮಾತ್ರ. ಅರಸೀಕೆರೆ ಕಡೆಯ ಮರಳು ಬೆರೆತ ಕೆಂಪು ಮಣ್ಣಿನಲ್ಲಿ ಆ ಬಿಲ ಕುಸಿದುಹೋಗುತ್ತೆ. ಅಲ್ಲಿ ಡೀಸೆಲ್ ಸುಟ್ಟರೆ ಅಷ್ಟೇ ಲಾಭ.

ಕೀಲಿ ತಿರುಗಿಸುವ ಮೊದಲು: ಹೊಲ ನಡೆಯಿರಿ

ಆಳದ ನೇಗಿಲು ಹೊಡೆಯುವ ದಿನಕ್ಕಿಂತ ಮೊದಲು ಒಮ್ಮೆ ಇಡೀ ಸಾಲನ್ನು ಕಾಲ್ನಡಿಗೆಯಲ್ಲಿ ನೋಡಬೇಕು. ನೋಡಬೇಕಾದ್ದು ಇಷ್ಟು:

1. ನೆಲದಡಿ ಏನಿದೆ? ಬೋರ್‌ವೆಲ್ಲಿನ ಕೇಬಲ್, ಹನಿ ನೀರಾವರಿಯ ಪೈಪು, ಕುಡಿಯುವ ನೀರಿನ ಕೊಳವೆ, ಫೋನಿನ ಕೇಬಲ್. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲಿಯಂ ಕೊಳವೆ ಮಾರ್ಗವೂ ಹೋಗುತ್ತದೆ. ಅದು ಹಾದುಹೋಗುವಲ್ಲಿ ಗುರುತಿನ ಕಂಬಗಳಿರುತ್ತವೆ. ಅಂಥ ಕಂಬ ಕಂಡರೆ ಅಲ್ಲಿ ಅಗೆತ ಬೇಡವೇ ಬೇಡ, ಮೊದಲು ಅದರ ಮೇಲೆ ಬರೆದಿರುವ ನಂಬರಿಗೆ ಫೋನ್ ಮಾಡಿ.

2. ತಲೆ ಮೇಲೆ ಏನಿದೆ? ತೋಟದ ನಡುವೆ ಜೋತುಬಿದ್ದ ವಿದ್ಯುತ್ ತಂತಿ. ಜೆಸಿಬಿಯ ತೋಳು ಅಥವಾ ಮೇಲೆತ್ತಿದ ಉಪಕರಣ ತಂತಿಗೆ ತಾಗಬೇಕು ಅಂತಿಲ್ಲ, ತೀರಾ ಹತ್ತಿರ ಹೋದರೂ ಸಾಕು. ತಂತಿ ತಗ್ಗಿದ್ದರೆ 1912ಕ್ಕೆ ಹೇಳಿ, ಸರಿಮಾಡಿಸಿ, ಆಮೇಲೆ ಕೆಲಸ.

3. ಕಲ್ಲು, ಬುಡ, ಹಳೇ ಬಾವಿ. ಮುಚ್ಚಿದ ಬಾವಿಯ ಜಾಗ ಮನೆಯ ಹಿರಿಯರಿಗೆ ಮಾತ್ರ ಗೊತ್ತಿರುತ್ತೆ. ಅಜ್ಜನನ್ನು ಕರೆದುಕೊಂಡೇ ಹೋಗಿ. ಕಂಡದ್ದಕ್ಕೆಲ್ಲ ಕೋಲು ನೆಟ್ಟು ಬಟ್ಟೆ ಕಟ್ಟಿ.

4. ಹಳೇಬೀಡಿನವರಿಗೆ ಒಂದು ಮಾತು ಹೆಚ್ಚು. ಅದು ಹೊಯ್ಸಳರ ದೋರಸಮುದ್ರ. ಅಲ್ಲಿ ನೇಗಿಲ ತುದಿಗೆ ತಾಗುವ ಪ್ರತಿ ಕಲ್ಲೂ ಬರೀ ಕಲ್ಲಾಗಿರಬೇಕಿಲ್ಲ. ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅದರೊಳಗೆ ಜಮೀನಿದ್ದರೆ ಗುಂಡಿ ತೋಡುವ ಮೊದಲು ಪುರಾತತ್ವ ಇಲಾಖೆಯವರನ್ನು ಕೇಳಿಯೇ ಮುಂದುವರಿಯಿರಿ. ಕೆತ್ತನೆಯ ಕಲ್ಲು ಸಿಕ್ಕರೆ ನೇಗಿಲು ನಿಲ್ಲಿಸಿ, ಸರಪಳಿ ಹಾಕಿ ಎಳೆಯಬೇಡಿ, ತಾಲ್ಲೂಕು ಕಚೇರಿಗೆ ತಿಳಿಸಿ.

5. ನೀರು ಎಲ್ಲಿಗೆ ಹೋಗುತ್ತೆ? ಪೈಪಿನ ಕೆಲಸ ಯಾವಾಗಲೂ ಹೊರಬಾಯಿಯಿಂದ ಶುರುವಾಗಿ ಮೇಲ್ಮುಖವಾಗಿ ಸಾಗಬೇಕು. ಇಳಿಜಾರು 100 ಮೀಟರಿಗೆ 20 ಸೆಂಟಿಮೀಟರಿನಷ್ಟು ಇದ್ದರೂ ನಡೆಯುತ್ತೆ, ಆದರೆ ನಡುವೆ ಎಲ್ಲೂ ತಗ್ಗಾಗಬಾರದು. ಗಾರೆ ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪಿನಲ್ಲೇ ಇದನ್ನು ಅಳೆಯಬಹುದು. ಪಕ್ಕದವರ ಹೊಲಕ್ಕೆ ನೀರು ಬಿಟ್ಟರೆ ಅದು ಬೇರೆಯದೇ ಅಪಘಾತ ಬಿಡಿ!

ಎಲ್ಲಿಗೆ ಕಟ್ಟುತ್ತೀರಿ? ಜೀವದ ಪ್ರಶ್ನೆ ಇದು

ಈಗ ಪಾಠದ ಮುಖ್ಯ ಭಾಗ. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದು ಯಾಕೆ?

ಒಂದು ಸರಳ ಟ್ರ್ಯಾಕ್ಟರ್ ತೆಗೆದುಕೊಳ್ಳೋಣ. ದ್ರವ್ಯರಾಶಿ 2,000 ಕಿಲೋ, ಅಂದರೆ ತೂಕ ಸುಮಾರು 20 ಕಿಲೋನ್ಯೂಟನ್. ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ 1.9 ಮೀಟರ್. ಗುರುತ್ವ ಕೇಂದ್ರ ಹಿಂದಿನ ಗಾಲಿಯ ಅಚ್ಚಿನಿಂದ 0.75 ಮೀಟರ್ ಮುಂದೆ, ನೆಲದಿಂದ 0.7 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಹಿಂದಿನ ಗಾಲಿ ನೆಲಕ್ಕೆ ತಾಗುವ ಬಿಂದುವಿನ ಸುತ್ತ ಮೊಮೆಂಟ್ ತೆಗೆಯಿರಿ. ಟ್ರ್ಯಾಕ್ಟರನ್ನು ನೆಲಕ್ಕೆ ಒತ್ತಿ ಹಿಡಿಯುವ ಮೊಮೆಂಟ್: 20 × 0.75 = 15 ಕಿಲೋನ್ಯೂಟನ್-ಮೀಟರ್.

ಹಿಂದಿನಿಂದ ನೇಗಿಲು 12 ಕಿಲೋನ್ಯೂಟನ್ ಬಲದಲ್ಲಿ ಎಳೆಯುತ್ತಿದೆ. ಅದನ್ನು ಡ್ರಾಬಾರಿಗೆ, ಅಂದರೆ ನೆಲದಿಂದ 0.4 ಮೀಟರ್ ಎತ್ತರಕ್ಕೆ ಕಟ್ಟಿದ್ದರೆ ಮಗುಚುವ ಮೊಮೆಂಟ್ 12 × 0.4 = 4.8. ಹದಿನೈದರ ಮುಂದೆ ಇದು ಏನೂ ಅಲ್ಲ. ಮುಂದಿನ ಗಾಲಿಗಳ ಮೇಲೆ ಇನ್ನೂ (15 − 4.8) ÷ 1.9, ಅಂದರೆ ಸುಮಾರು 5.4 ಕಿಲೋನ್ಯೂಟನ್ ಭಾರ ಇದೆ. ಸ್ಟೇರಿಂಗ್ ಹಿಡಿತದಲ್ಲಿದೆ.

ಅದೇ ಸರಪಳಿಯನ್ನು ಟಾಪ್ ಲಿಂಕ್ ಕೂರುವ ಜಾಗಕ್ಕೆ, ಸುಮಾರು 1 ಮೀಟರ್ ಎತ್ತರಕ್ಕೆ ಕಟ್ಟಿದರೆ? ಮಗುಚುವ ಮೊಮೆಂಟ್ 12. ಉಳಿದದ್ದು 3 ಮಾತ್ರ. ಮುಂದಿನ ಗಾಲಿಗಳ ಮೇಲೆ 1.6 ಕಿಲೋನ್ಯೂಟನ್. ಮುಂಭಾಗ ಹಗುರಾಗಿ ಕುಣಿಯೋಕೆ ಶುರು.

ಈಗ ಅದೇ ಟ್ರ್ಯಾಕ್ಟರನ್ನು 10 ಡಿಗ್ರಿ ಏರಿಗೆ ಹತ್ತಿಸಿ. ಬೇಲೂರಿನ ಕಡೆ ಇಂಥ ಏರು ಹುಡುಕಬೇಕಿಲ್ಲ. ಒತ್ತಿ ಹಿಡಿಯುವ ಮೊಮೆಂಟ್ 20 × (0.75 × 0.985 − 0.7 × 0.174), ಅಂದರೆ ಸುಮಾರು 12.3ಕ್ಕೆ ಇಳಿಯುತ್ತದೆ. ಮಗುಚುವ ಮೊಮೆಂಟ್ 12. ನಡುವೆ ಉಳಿದದ್ದು 0.3! ನೇಗಿಲು ಒಂದು ಕಲ್ಲಿಗೆ ಸಿಕ್ಕಿ, ಚಕ್ರಕ್ಕೆ ಹಿಡಿತ ಇದ್ದು, ಚಾಲಕ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಆ 0.3 ಎಲ್ಲಿಗೆ ಸಾಕು?

ಇನ್ನೊಂದು ಸೂಕ್ಷ್ಮ ಇದೆ. ಡ್ರಾಬಾರ್ ಅಚ್ಚಿಗಿಂತ ಕೆಳಗೆ, ಹಿಂದೆ ಇದೆ. ಮೂತಿ ಮೇಲೇಳುತ್ತಿದ್ದಂತೆ ಡ್ರಾಬಾರ್ ಇನ್ನೂ ಕೆಳಗಿಳಿಯುತ್ತದೆ, ಮಗುಚುವ ಮೊಮೆಂಟ್ ತಾನೇ ಕಡಿಮೆಯಾಗುತ್ತದೆ. ಅಚ್ಚಿಗಿಂತ ಮೇಲೆ ಕಟ್ಟಿದಾಗ ಈ ರಕ್ಷಣೆ ಇಲ್ಲ. ಇತ್ತ ಮೂತಿ ಎದ್ದಷ್ಟೂ ಗುರುತ್ವ ಕೇಂದ್ರ ಹಿಂದಕ್ಕೆ ಸರಿದು ಒತ್ತಿ ಹಿಡಿಯುವ ಮೊಮೆಂಟೂ ಕುಗ್ಗುತ್ತದೆ. ಪೂರ್ತಿ ಮಗುಚೋಕೆ ಒಂದೂವರೆ ಸೆಕೆಂಡ್ ಸಾಕು. ಚಾಲಕನಿಗೆ ‘ಅಯ್ಯೋ’ ಅನ್ನಲು ಸಿಗುವ ಸಮಯ ಅದರ ಅರ್ಧ.

ಆದ್ದರಿಂದ ನಿಯಮ ಒಂದೇ: ಎಳೆಯುವುದು ಏನೇ ಇರಲಿ, ಡ್ರಾಬಾರಿಗೆ ಮಾತ್ರ ಕಟ್ಟಿ. ಅಚ್ಚಿಗೂ ಬೇಡ, ಟಾಪ್ ಲಿಂಕಿಗೂ ಬೇಡ. ಮೂರು ಬಿಂದುಗಳಿಗೆ ಕೂರಿಸುವ ಸಬ್‌ಸಾಯ್ಲರ್ ಆದರೆ ಮೂರೂ ಪಿನ್ನು, ಮೂರಕ್ಕೂ ಲಾಕ್. ಟ್ರ್ಯಾಕ್ಟರ್ ಕೈಪಿಡಿಯಲ್ಲಿ ಹೇಳಿದ ಮುಂಭಾರಗಳನ್ನು ಬಿಚ್ಚಿ ಮನೆಯಲ್ಲಿಡಬೇಡಿ. ಅಚ್ಚಿನಿಂದ 2.5 ಮೀಟರ್ ಮುಂದೆ 100 ಕಿಲೋ ಭಾರ ಇಟ್ಟರೆ ಒತ್ತಿ ಹಿಡಿಯುವ ಮೊಮೆಂಟಿಗೆ 2.5 ಸೇರುತ್ತದೆ. ಮೇಲಿನ ಲೆಕ್ಕದಲ್ಲಿ ಆ 2.5 ಎಷ್ಟು ದೊಡ್ಡದು ಅಂತ ನೋಡಿಕೊಳ್ಳಿ.

ಕೆಸರಿನಲ್ಲಿ ಹೂತುಹೋದಾಗ ಹಿಂದಿನ ಗಾಲಿಗೆ ಮರದ ದಿಮ್ಮಿ ಕಟ್ಟಿ ಆಕ್ಸಿಲರೇಟರ್ ಒತ್ತುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಗಾಲಿ ತಿರುಗಲಾರದಾಗ ಎಂಜಿನ್ನಿನ ಟಾರ್ಕ್ ಗಾಲಿಯನ್ನು ಬಿಟ್ಟು ಟ್ರ್ಯಾಕ್ಟರನ್ನೇ ಅಚ್ಚಿನ ಸುತ್ತ ತಿರುಗಿಸುತ್ತದೆ. ಹೂತರೆ ನೇಗಿಲು ಬಿಚ್ಚಿ, ಹಿಂದಕ್ಕೆ ತೆಗೆಯಲು ನೋಡಿ. ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರ್ ಕರೆಸಿ. ಎಳೆಯುವಾಗ ಸರಪಳಿಯ ಹತ್ತಿರ ಯಾರೂ ನಿಲ್ಲಬಾರದು.

ಮಗುಚಿದರೂ ಚಾಲಕನ ಸುತ್ತ ಜಾಗ ಉಳಿಸುವ ಉಕ್ಕಿನ ಚೌಕಟ್ಟಿಗೆ ‘ರೋಪ್ಸ್’ ಅಂತಾರೆ. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿತು, ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಬಹಳ ಇಳಿಯಿತು. ನಮ್ಮ ಹೊಲಗಳಲ್ಲಿ ಓಡುವ ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಅದು ಇಲ್ಲ. ಬಿಸಿಲಿಗೆ ಹಾಕಿಸಿದ ತಗಡಿನ ಚಾವಣಿ ರೋಪ್ಸ್ ಅಲ್ಲ. ರೋಪ್ಸ್ ಇದ್ದರೆ ಸೀಟ್ ಬೆಲ್ಟ್ ಕಟ್ಟಲೇಬೇಕು. ಇಲ್ಲದಿದ್ದರೆ ಬೆಲ್ಟಿನಿಂದ ಉಪಯೋಗವಿಲ್ಲ, ಅಪಾಯವೇ ಹೆಚ್ಚು.

ತಿರುಗುವ ಶಾಫ್ಟು, ಮುರಿಯಬೇಕಾದ ಬೋಲ್ಟು

ಸುಮ್ಮನೆ ಎಳೆಯುವ ಸಬ್‌ಸಾಯ್ಲರಿಗೆ ಪಿಟಿಒ ಬೇಡ. ಆದರೆ ರೋಟಾವೇಟರ್, ಗುಂಡಿ ತೋಡುವ ಟ್ರೆಂಚರ್ ಇವಕ್ಕೆಲ್ಲ ಬೇಕು. ಪಿಟಿಒ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಶಾಫ್ಟಿನ ವ್ಯಾಸ 8 ಸೆಂಟಿಮೀಟರ್ ಅಂದುಕೊಂಡರೆ ಸುತ್ತಳತೆ ಸುಮಾರು 25 ಸೆಂಟಿಮೀಟರ್. ಸೆಕೆಂಡಿಗೆ ಎರಡು ಮೀಟರಿಗೂ ಹೆಚ್ಚು ಬಟ್ಟೆಯನ್ನು ಅದು ಸುತ್ತಿಕೊಳ್ಳಬಲ್ಲದು. ನಮಗೆ ಎಚ್ಚರಾಗಿ ಕೈ ಹಿಂದೆಳೆಯುವಷ್ಟರಲ್ಲಿ ಅರ್ಧ ಸೆಕೆಂಡ್ ಹೋಗಿರುತ್ತೆ, ಒಂದು ಮೀಟರ್ ಟವೆಲ್ ಒಳಗೆ ಹೋಗಿರುತ್ತೆ. ಹೆಗಲ ಮೇಲಿನ ಟವೆಲ್, ಪಂಚೆ, ಸೀರೆಯ ಸೆರಗು, ದುಪಟ್ಟಾ, ಬಿಚ್ಚಿದ ಕೂದಲು ಎಲ್ಲಕ್ಕೂ ಇದೇ ಲೆಕ್ಕ. ಶಾಫ್ಟಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕಿಸದೆ ಕೆಲಸ ಬೇಡ. ತಿರುಗುವ ಶಾಫ್ಟನ್ನು ದಾಟಬೇಡಿ, ಸುತ್ತಿ ಬನ್ನಿ.

ಆಳದ ನೇಗಿಲಿಗೆ ಒಂದು ಶಿಯರ್ ಬೋಲ್ಟ್ ಇರುತ್ತೆ. ಕಲ್ಲಿಗೆ ಸಿಕ್ಕಾಗ ಮೊದಲು ಮುರಿಯಲಿ ಅಂತಲೇ ಅದನ್ನು ಹಾಕಿರುತ್ತಾರೆ. ಮನೆಯ ಫ್ಯೂಸ್ ಇದ್ದಂತೆ. ಪದೇ ಪದೇ ಮುರಿಯುತ್ತೆ ಅಂತ ಗಟ್ಟಿ ಬೋಲ್ಟನ್ನೋ ಕಬ್ಬಿಣದ ಸರಳನ್ನೋ ತುರುಕಿದರೆ ಫ್ಯೂಸಿಗೆ ದಪ್ಪ ತಂತಿ ಹಾಕಿದ ಹಾಗೇ. ಮುಂದೆ ಮುರಿಯೋದು ಬೇರೇನೋ. ಬೋಲ್ಟ್ ಬದಲಿಸುವಾಗ ನೇಗಿಲನ್ನು ನೆಲಕ್ಕಿಳಿಸಿ, ಎಂಜಿನ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಳ್ಳಿ. ಹೈಡ್ರಾಲಿಕ್ ಎತ್ತಿ ಹಿಡಿದಿದೆ ಅಂತ ಎತ್ತಿದ ನೇಗಿಲಿನ ಕೆಳಗೆ ಯಾವತ್ತೂ ಕೈ, ಕಾಲು, ತಲೆ ಹಾಕಬೇಡಿ.

ಓಡಿಸುವಾಗ

ಗೇರ್ ತಗ್ಗಿನದು, ಕ್ಲಚ್ ನಿಧಾನ. ಟ್ರ್ಯಾಕ್ಟರ್ ಚಲಿಸಲು ಶುರುವಾದ ಮೇಲೆ ನೇಗಿಲನ್ನು ಸ್ವಲ್ಪ ಸ್ವಲ್ಪವೇ ಆಳಕ್ಕಿಳಿಸಿ. ನೇಗಿಲು ನೆಲದಲ್ಲಿರುವಾಗ ತಿರುಗಿಸಬೇಡಿ, ಹಿಂದಕ್ಕೂ ತೆಗೆಯಬೇಡಿ. ಸಾಲಿನ ಕೊನೆಗೆ ಮೇಲೆತ್ತಿ, ಆಮೇಲೆ ತಿರುಗಿಸಿ.

ಟ್ರ್ಯಾಕ್ಟರಿನ ಮೇಲೆ ಒಬ್ಬರೇ. ಮಡ್‌ಗಾರ್ಡಿನ ಮೇಲೆ ತಮ್ಮನೂ ಇಲ್ಲ, ಅಕ್ಕನ ಮಗುವೂ ಇಲ್ಲ. ಊರಿನಲ್ಲಿ ಇದೇ ಅತ್ಯಂತ ಕಷ್ಟದ ನಿಯಮ, ನಮಗೂ ಗೊತ್ತು. ನಾವೆಲ್ಲ ಹಾಗೇ ಕೂತು ಬೆಳೆದವರು. ಆದರೆ ಮಡ್‌ಗಾರ್ಡಿನಿಂದ ಜಾರಿದ ಮಗು ಬೀಳುವ ಜಾಗ ಒಂದೇ, ದೊಡ್ಡ ಗಾಲಿಯ ಮುಂದೆ.

ಪೈಪು ಕೊಡುವವರು ನೇಗಿಲಿನ ಪಕ್ಕದಲ್ಲಿ, ಚಾಲಕನಿಗೆ ಕಾಣುವ ಹಾಗೆ ನಡೆಯಬೇಕು. ಟ್ರ್ಯಾಕ್ಟರ್ ಮತ್ತು ನೇಗಿಲಿನ ನಡುವೆ ಯಾರೂ ಬರಬಾರದು. ಸನ್ನೆ ಕೊಡುವವರು ಒಬ್ಬರೇ ಇರಲಿ. ‘ನಿಲ್ಲಿಸು’ ಅನ್ನೋ ಸನ್ನೆಯನ್ನು ಮಾತ್ರ ಯಾರು ಕೊಟ್ಟರೂ ನಿಲ್ಲಿಸಬೇಕು. ಎಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳಿಸೋದಿಲ್ಲ, ಆದ್ದರಿಂದ ಸನ್ನೆಗಳನ್ನು ಮೊದಲೇ ಮಾತಾಡಿಕೊಳ್ಳಿ.

ಗುಂಡಿ, ಬದು, ಕೆರೆ ಏರಿಯ ಅಂಚಿನಿಂದ ಕನಿಷ್ಠ ಗುಂಡಿಯ ಆಳದಷ್ಟು ದೂರ ಇರಿ. ಎರಡು ಮೀಟರ್ ಆಳ ಇದ್ದರೆ ಎರಡು ಮೀಟರ್ ದೂರ. ಮಳೆ ಬಿದ್ದ ಮಣ್ಣಾದರೆ ಇನ್ನೂ ಹೆಚ್ಚು. ಜೆಸಿಬಿ ತೋಡಿದ ಗುಂಡಿಗೆ ಇಳಿದು ಪೈಪು ಜೋಡಿಸುವವರ ಅಪಾಯ ಬೇರೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಎದೆಯವರೆಗೆ ಕುಸಿದರೂ ಉಸಿರು ಎಳೆದುಕೊಳ್ಳೋಕೆ ಆಗೋದಿಲ್ಲ. ಗುಂಡಿ 1.5 ಮೀಟರಿಗಿಂತ ಆಳವಾದರೆ ಪಕ್ಕಗಳಿಗೆ ಆಸರೆ ಕೊಡದೆ, ಇಲ್ಲವೇ ಇಳಿಜಾರಾಗಿ ಕಡಿಯದೆ ಯಾರನ್ನೂ ಇಳಿಸಬಾರದು. ತೆಗೆದ ಮಣ್ಣನ್ನು ಅಂಚಿಗೇ ಗುಡ್ಡೆ ಹಾಕಬಾರದು.

ಕೆಲಸ ಮುಗಿಸಿ ರಸ್ತೆಗೆ ಬರುವಾಗ ಎಡ, ಬಲ ಬ್ರೇಕ್ ಪೆಡಲುಗಳನ್ನು ಒಟ್ಟಿಗೆ ಸೇರಿಸಿ ಲಾಕ್ ಮಾಡಿ. ಹೊಲದಲ್ಲಿ ತಿರುವಿಗೆ ಅನುಕೂಲವಾದ ಬಿಡಿ ಬ್ರೇಕು ರಸ್ತೆಯ ವೇಗದಲ್ಲಿ ಟ್ರ್ಯಾಕ್ಟರನ್ನು ಪಕ್ಕಕ್ಕೆ ಉರುಳಿಸುತ್ತದೆ. ತಿರುವಿನಲ್ಲಿ ವೇಗ ಎರಡರಷ್ಟಾದರೆ ಪಕ್ಕಕ್ಕೆ ತಳ್ಳುವ ಬಲ ನಾಲ್ಕರಷ್ಟು. ಹಿಂದೆ ಚಾಚಿಕೊಂಡಿರುವ ನೇಗಿಲಿಗೆ ರಿಫ್ಲೆಕ್ಟರ್ ಅಂಟಿಸಿ. ಹಳೇಬೀಡು-ಬೇಲೂರು ರಸ್ತೆಯಲ್ಲಿ ರಾತ್ರಿ ಪ್ರವಾಸಿಗರ ಕಾರಿನವರಿಗೆ ಅದು ಕಾಣಬೇಕಲ್ಲ.

ಏನಾದರೂ ಆಗಿಯೇ ಹೋದರೆ: ಮೊದಲು ಎಂಜಿನ್ ಆಫ್, ಆಮೇಲೆ 108. ಟ್ರ್ಯಾಕ್ಟರಿನಡಿ ಸಿಕ್ಕವರನ್ನು ಎಳೆಯಬೇಡಿ. ಟ್ರ್ಯಾಕ್ಟರ್ ಇನ್ನಷ್ಟು ಜಾರದಂತೆ ದಿಮ್ಮಿ, ಕಲ್ಲು ಕೊಟ್ಟು ನಿಲ್ಲಿಸಿ. ತಂತಿ ತಾಗಿದ್ದರೆ ಯಂತ್ರವನ್ನಾಗಲಿ ಅದರ ಮೇಲಿರುವವರನ್ನಾಗಲಿ ಮುಟ್ಟಬೇಡಿ.

ಊರಲ್ಲಿ ಹೇಳೋದು ಹೇಗೆ?

ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದ ಅಣ್ಣನಿಗೆ ಮೂರನೇ ಸೆಮಿಸ್ಟರಿನ ನಾವು ಹೋಗಿ ಮೊಮೆಂಟ್ ಬಗ್ಗೆ ಭಾಷಣ ಮಾಡಿದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ಅವರಿಗೆ ಮಣ್ಣಿನ ಹದ ಗೊತ್ತು, ಎಂಜಿನ್ನಿನ ಸದ್ದು ಗೊತ್ತು. ಅದು ನಮಗೆ ಗೊತ್ತಿಲ್ಲ. ನಮಗೆ ಗೊತ್ತಿರೋದು ಲೆಕ್ಕ. ಎರಡನ್ನೂ ಕೂಡಿಸೋದು ಕೇಳುವ ದನಿಯಲ್ಲಿ ಆಗುತ್ತೆ: “ಅಣ್ಣ, ಸರಪಳಿ ಮೇಲೆ ಕಟ್ಟಿದ್ರೆ ಮೂತಿ ಎದ್ದುಬಿಡುತ್ತಾ? ಡ್ರಾಬಾರಿಗೇ ಹಾಕಿ ನೋಡೋಣ್ವಾ?” ಬಹಳ ಸಲ ಅವರೇ ಹೇಳ್ತಾರೆ, “ಹೌದು ಕಣಪ್ಪ, ಹೋದ್ ಸಲ ಹಂಗೇ ಎದ್ದಿತ್ತು.” ಅಲ್ಲಿಂದ ಮಾತು ಮುಂದುವರಿಯುತ್ತೆ. ಬಾಡಿಗೆಗೆ ಕೃಷಿ ಯಂತ್ರಧಾರೆ ಕೇಂದ್ರದಿಂದ ಯಂತ್ರ ತಂದಾಗಲೂ ಅಷ್ಟೇ. ಕವಚ ಇದೆಯಾ, ಶಿಯರ್ ಬೋಲ್ಟ್ ಯಾವ ಅಳತೆಯದು ಅಂತ ತರುವಾಗಲೇ ಕೇಳಿಕೊಂಡು ಬನ್ನಿ.

ನೀವೇ ಲೆಕ್ಕ ಹಾಕಿ

ಮೇಲಿನ ಅದೇ ಟ್ರ್ಯಾಕ್ಟರ್. ಸಮತಟ್ಟು ನೆಲ. ಹಿಚ್ ಎತ್ತರ 0.5 ಮೀಟರ್, ಎಳೆತ 14 ಕಿಲೋನ್ಯೂಟನ್. ಒಟ್ಟು ತೂಕದ ಕನಿಷ್ಠ 20 ಶೇಕಡಾ ಮುಂದಿನ ಗಾಲಿಗಳ ಮೇಲಿದ್ದರೆ ಸ್ಟೇರಿಂಗ್ ಕೇಳುತ್ತದೆ ಅನ್ನೋದು ರೂಢಿಯ ಅಳತೆ. ಇಲ್ಲಿ ಸ್ಟೇರಿಂಗ್ ಕೇಳುತ್ತದೆಯೇ?

ಉತ್ತರ: (15 − 7) ÷ 1.9, ಅಂದರೆ 4.2 ಕಿಲೋನ್ಯೂಟನ್. ಬೇಕಾದ್ದು 4. ಕೇಳುತ್ತದೆ, ಆದರೆ ಅಂಚಿನಲ್ಲಿದೆ. ಹಿಚ್ಚನ್ನು 0.6 ಮೀಟರಿಗೆ ಏರಿಸಿದರೆ? ಇದರ ಉತ್ತರ ನಾವು ಬರೆಯೋದಿಲ್ಲ. ಊರಿಗೆ ಹೋದಾಗ ನಿಮ್ಮ ಮನೆಯ ಟ್ರ್ಯಾಕ್ಟರಿನ ಡ್ರಾಬಾರ್ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಟೇಪಿನಲ್ಲಿ ಅಳೆದು, ಈ ಲೆಕ್ಕವನ್ನು ಅದೇ ಅಂಕಿಯಿಂದ ಮಾಡಿ ನೋಡಿ.